ಮೆಟ್ಟಿಲಕ್ಕನ ಕಣ್ಣಳತೆ

ಹಳೆಯ ಕ್ಯಾಮೆರಾ ಕೊಂಡು ಮಾರುವ ಆ ಅಂಗಡಿಯ ಹಿಂದುಗಡೆ ಒಂದು ಕತ್ತಲೆ ಕೋಣೆ ಇತ್ತು. ಗೋಡೆ, ಚಾವಣಿ, ಬಾಗಿಲಿನ ಒಳಮೈ ಎಲ್ಲಕ್ಕೂ ಕಪ್ಪು ಬಣ್ಣ. ಒಂದು ಮೇಜು, ಅದರ ಮೇಲೆ ಒಳಗಿನಿಂದ ದೀಪ ಉರಿಯುವ ಪೆಟ್ಟಿಗೆ, ಎದುರಿಗೆ ಕ್ಯಾಮೆರಾ ಕೂರಿಸುವ ಕಬ್ಬಿಣದ ಸ್ಟ್ಯಾಂಡು, ಪಕ್ಕದಲ್ಲಿ ಕಂಪ್ಯೂಟರು. ಈ ಕೋಣೆಯ ಒಡತಿ ಮೆಟ್ಟಿಲಕ್ಕ. ಅಂಗಡಿಯ ಯಜಮಾನ ಮುಂಭಾಗಕ್ಕೆ ಮಾತ್ರ ಯಜಮಾನ, ಕಪ್ಪು ಬಾಗಿಲು ದಾಟಬೇಕಾದರೆ ಅವನೂ "ಅಕ್ಕಾ, ಬರ್ಲಾ?" ಎಂದು ಕೇಳಿಯೇ ಬರಬೇಕು. ಕೇಳದೆ ನುಗ್ಗಿದ ದಿನಗಳಲ್ಲಿ ಚೆನ್ನಾಗಿ ಮಂಗಳಾರತಿ ಎತ್ತಿಸಿಕೊಂಡು ಹೋಗಿದ್ದಾನೆ.

ಹೆಸರು ಬಂದದ್ದು ಕೆಲಸದಿಂದ. ದೀಪದ ಪೆಟ್ಟಿಗೆಯ ಮೇಲೆ ಅವಳು ಉದ್ದನೆಯ ಒಂದು ಫಿಲ್ಮ್ ಪಟ್ಟಿ ಇಡುತ್ತಿದ್ದಳು. ಪಟ್ಟಿಯ ತುಂಬ ಸಾಲಾಗಿ ಚೌಕಗಳು. ಮೊದಲನೆಯದರಲ್ಲಿ ದೀಪದ ಬೆಳಕು ಪೂರ್ತಿ ಹಾದು ಬರುತ್ತದೆ, ಎರಡನೆಯದರಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಆ ಅರ್ಧದ ಅರ್ಧ. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಯ ಚೌಕ ಹೆಚ್ಚುಕಡಿಮೆ ಕೋಣೆಯ ಗೋಡೆಯಷ್ಟೇ ಕಪ್ಪು. ಒಂದೊಂದು ಚೌಕವೂ ಒಂದು ಮೆಟ್ಟಿಲು. ಕ್ಯಾಮೆರಾದವರ ಮಾತಿನಲ್ಲಿ ಒಂದು ಸ್ಟಾಪ್. ದೀಪಗಳನ್ನೆಲ್ಲ ಆರಿಸಿ, ಪಟ್ಟಿಯ ಫೋಟೋ ತೆಗೆದು, ಪರದೆಯ ಮೇಲೆ ಎಷ್ಟು ಮೆಟ್ಟಿಲು ಬೇರೆ ಬೇರೆಯಾಗಿ ಕಾಣುತ್ತವೆಂದು ಎಣಿಸಿದರೆ ಆ ಕ್ಯಾಮೆರಾದ ಡೈನಾಮಿಕ್ ರೇಂಜ್ ಸಿಕ್ಕಿತು. ಒಂದೇ ಫೋಟೋದೊಳಗೆ ಅದು ಎಷ್ಟು ಜೋರು ಬೆಳಕಿನಿಂದ ಎಷ್ಟು ದಟ್ಟ ನೆರಳಿನವರೆಗೆ ಹಿಡಿದಿಡಬಲ್ಲದು ಎಂಬ ಲೆಕ್ಕ ಅದು.

ಕೊಳ್ಳಲು ಬಂದವರು ಇದೇನೆಂದು ಕೇಳಿದರೆ ಮೆಟ್ಟಿಲಕ್ಕನಿಗೆ ಖುಷಿಯೋ ಖುಷಿ. "ಕಿಟಕಿ ಪಕ್ಕ ನಿಂತವರ ಫೋಟೋ ತೆಗೀತೀರಿ ಅಂದ್ಕೊಳ್ಳಿ," ಎಂದು ಶುರು ಮಾಡುತ್ತಿದ್ದಳು. "ಆಚೆ ಆಕಾಶ, ಈಚೆ ಕತ್ತಲೆ. ಕೈಲಾಗದ ಕ್ಯಾಮೆರಾ ಎರಡರಲ್ಲಿ ಒಂದನ್ನ ಕೈಬಿಡತ್ತೆ. ಆಕಾಶ ಉಳಿಸ್ಕೊಂಡ್ರೆ ಮುಖ ಮಸಿ. ಮುಖ ಉಳಿಸ್ಕೊಂಡ್ರೆ ಆಕಾಶ ಬರೀ ಬಿಳಿ ಹಾಳೆ. ಬಿಳಿ ಆಗಿದ್ದಂತೂ ಹೋದ್ಹಾಗೇನೇ. ತುಂಬಿದ ಕೊಡಕ್ಕೆ ನೀರು ಸುರಿದ್ರೆ ಹೊರಗೆ ಚೆಲ್ಲಿದ್ದು ಎಷ್ಟು ಅಂತ ಕೊಡಕ್ಕೇನು ಗೊತ್ತು? ಕತ್ತಲಲ್ಲಾದ್ರೆ ಕೈ ಹಾಕಿ ಹುಡುಕಬಹುದು, ಏನಾದ್ರೂ ಸಿಗಬಹುದು."

ಆದರೆ ಕತ್ತಲಲ್ಲಿ ಒಂದು ಮೋಸವಿದೆ. ಬೆಳಕು ತೀರಾ ಕಡಿಮೆಯಾದಾಗ ಕ್ಯಾಮೆರಾ ತನ್ನೊಳಗಿನ ಗದ್ದಲವನ್ನೇ ಚಿತ್ರವೆಂದು ತೋರಿಸತೊಡಗುತ್ತದೆ. ರವೆ ಎರಚಿದಂತೆ ಚುಕ್ಕೆಗಳು. ಅದಕ್ಕಾಗಿ ಮೆಟ್ಟಿಲಕ್ಕ ಮೊದಲು ಲೆನ್ಸಿಗೆ ಮುಚ್ಚಳ ಹಾಕಿ ಒಂದು ಫೋಟೋ ತೆಗೆಯುತ್ತಿದ್ದಳು. ಏನೂ ಕಾಣಬಾರದ ಆ ಫೋಟೋದಲ್ಲಿ ಏನು ಕಂಡರೂ ಅದು ಕ್ಯಾಮೆರಾದ ಸುಳ್ಳು. ಆ ಸುಳ್ಳಿನ ಮಟ್ಟ ನೋಡಿಕೊಂಡು, ನಿಜವಾದ ಮೆಟ್ಟಿಲು ಎಲ್ಲಿಗೆ ಮುಗಿಯಿತು, ಗದ್ದಲ ಎಲ್ಲಿಂದ ಶುರುವಾಯಿತು ಎಂದು ಕಣ್ಣಳತೆಯಲ್ಲೇ ಹೇಳುವುದು ಅವಳ ವಿದ್ಯೆ. ಕಂಪನಿಯವರು ಡಬ್ಬದ ಮೇಲೆ ಹದಿನಾಲ್ಕು ಎಂದು ಅಚ್ಚು ಹಾಕಿದ್ದರೆ ಇವಳು ಹನ್ನೆರಡು ಅನ್ನುತ್ತಿದ್ದಳು. ಕಂಪನಿಯದೇನೂ ಮೋಸವಲ್ಲ. ಅವರ ಯಂತ್ರ ಗದ್ದಲದಲ್ಲಿ ಅರ್ಧ ಮುಳುಗಿದ ಮೆಟ್ಟಿಲನ್ನೂ ಎಣಿಸುತ್ತದೆ. ಇವಳು ಮನುಷ್ಯರ ಮುಖ ಗುರುತು ಸಿಗುವಷ್ಟು ಚೊಕ್ಕ ಇರುವುದನ್ನು ಮಾತ್ರ. ಗಿರಾಕಿಗಳಿಗೆ ಇವಳ ಲೆಕ್ಕವೇ ಬೇಕಾಗಿತ್ತು. "ಅಕ್ಕ ನೋಡಿದ್ದಾ?" ಎಂದು ಕೇಳಿ ಕೊಳ್ಳುವವರಿದ್ದರು.

ಕತ್ತಲೆ ಅವಳಿಗೆ ಹೊಸದಲ್ಲ. ಹರೆಯದಲ್ಲಿ ಫಿಲ್ಮ್ ತೊಳೆಯುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಗಂಡ ಬೇಗ ತೀರಿಕೊಂಡ ಮೇಲೆ ಆ ಕೆಲಸವೇ ಅವಳನ್ನೂ ಮಗಳನ್ನೂ ಸಾಕಿತು. ಫಿಲ್ಮಿನ ಕಾಲ ಮುಗಿದು ಲ್ಯಾಬು ಬಾಗಿಲು ಹಾಕಿದಾಗ ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರೆ ಇವಳು ಸೀದಾ ಈ ಅಂಗಡಿಗೆ ಬಂದು, "ನಂಗೆ ಕತ್ತಲಲ್ಲಿ ನೋಡಕ್ಕೆ ಬರತ್ತೆ, ಕೆಲಸ ಇದ್ಯಾ?" ಎಂದು ಕೇಳಿದ್ದಳು. ಆ ಒಂದು ಮಾತಿಗೆ ಮೆಚ್ಚಿ ಯಜಮಾನ ಅವಳನ್ನು ಇಟ್ಟುಕೊಂಡ. ಮಗಳು ಬೆಳೆದು ಸಿಟಿ ಬಸ್ಸಿನ ಡ್ರೈವರಾದಳು. ಅಮ್ಮ ಕತ್ತಲಲ್ಲಿ, ಮಗಳು ಬೀದಿಯಲ್ಲಿ. ಇಬ್ಬರದೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವ ಕೆಲಸವೇ.

ಇಂಥವಳ ಕೈಯಲ್ಲಿ ಒಂದು ಚಳಿಗಾಲದಿಂದ ಕ್ಯಾಮೆರಾಗಳು ಸಾಲುಸಾಲಾಗಿ ಫೇಲಾಗತೊಡಗಿದವು. ಹತ್ತು ಮೆಟ್ಟಿಲು, ಹತ್ತೂವರೆ, ಒಂಬತ್ತು. ಇದು ಕತ್ತಲಲ್ಲಿ ಕುರುಡು, ಅದು ನೆರಳಿಗೆ ಆಗಲ್ಲ ಎಂದು ಪಕ್ಕಕ್ಕೆ ತಳ್ಳಿದ್ದೇ ತಳ್ಳಿದ್ದು.

"ಅಕ್ಕಾ, ಹೀಗೆ ಬಂದಿದ್ದೆಲ್ಲ ತಳ್ಳಿಬಿಟ್ರೆ ಶೋಕೇಸಲ್ಲಿ ಏನಿಡ್ಲಿ? ನಿಮ್ಮನ್ನೇ ಕೂರಿಸ್ಲಾ?" ಎಂದು ಯಜಮಾನ ಕೇಳಿದ.

"ಕೂರಿಸಿ. ನಾನಾದ್ರೆ ಗ್ಯಾರಂಟಿ ಮಾಲು," ಎಂದಳು.

ಯಜಮಾನ ಕಂಪ್ಯೂಟರಿನಲ್ಲಿ ಮೆಟ್ಟಿಲು ಎಣಿಸುವ ಒಂದು ಪ್ರೋಗ್ರಾಂ ಹಾಕಿಸಿದ. ಅದು ಅವಳು ಫೇಲು ಮಾಡಿದ್ದಕ್ಕೆಲ್ಲ ಹದಿಮೂರು, ಹದಿನಾಲ್ಕು ಎಂದು ಹೇಳಿತು. "ಅದು ಗದ್ದಲಾನೂ ಸೇರಿಸಿ ಎಣಿಸತ್ತೆ, ಅದರ ಮಾತು ಕೇಳಿ ಮಾರಿದ್ರೆ ಗಿರಾಕಿ ಉಗೀತಾರೆ," ಎಂದು ಮೆಟ್ಟಿಲಕ್ಕ ಮುಖಕ್ಕೆ ಹೊಡೆದಂತೆ ಹೇಳಿದಳು. ಹಿಂದಿನಿಂದಲೂ ಯಂತ್ರದ ಲೆಕ್ಕ ಹೆಚ್ಚು, ಅವಳ ಲೆಕ್ಕ ಕಡಿಮೆ; ಆದ್ದರಿಂದ ಯಜಮಾನ ತೆಪ್ಪಗಾದ. ಎರಡರ ನಡುವಿನ ಅಂತರ ಯಾಕೆ ಹಿಗ್ಗುತ್ತಿದೆ ಎಂದು ಕೇಳುವಷ್ಟು ವ್ಯವಧಾನ ಅವನಿಗಿರಲಿಲ್ಲ. ಆದರೆ ಅವಳಿಗಿತ್ತು. ಹೊರಗೆ ಜಂಬ ಕೊಚ್ಚಿದವಳು ಒಳಗೆ ಹೋಗಿ ದೀಪದ ಪೆಟ್ಟಿಗೆಯ ಬಲ್ಬು ಬದಲಾಯಿಸಿದಳು. ಫಿಲ್ಮ್ ಪಟ್ಟಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿದಳು. ಪರದೆಯ ಹೊಳಪು ಸರಿಮಾಡಿದಳು, ಕನ್ನಡಕ ತೊಳೆದಳು. ಮೆಟ್ಟಿಲುಗಳು ಮಾತ್ರ ಮೇಲೆ ಬರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅವಳು ಕಂಪ್ಯೂಟರಿನಲ್ಲಿ ತಾನೇ ಎಷ್ಟೋ ವರ್ಷಗಳ ಹಿಂದೆ ತೆಗೆದಿಟ್ಟಿದ್ದ ಒಂದು ಫೋಟೋ ತೆರೆದಳು. ಅದೇ ಪಟ್ಟಿಯ ಫೋಟೋ, ಒಳ್ಳೆಯ ಕ್ಯಾಮೆರಾದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದರಲ್ಲಿ ಹನ್ನೆರಡು ಮೆಟ್ಟಿಲು ಎಣಿಸಿ ಯಜಮಾನನಿಂದ ಭೇಷ್ ಅನ್ನಿಸಿಕೊಂಡಿದ್ದಳು. ಈಗ ಎಣಿಸಿದಳು. ಹತ್ತು. ಕನ್ನಡಕ ತೆಗೆದು ಎಣಿಸಿದಳು, ಹಾಕಿಕೊಂಡು ಎಣಿಸಿದಳು, ಪರದೆಗೆ ಮೂಗು ತಾಗಿಸಿ ಎಣಿಸಿದಳು. ಹತ್ತರ ಆಚೆ ಬರೀ ಕಪ್ಪು.

ಕ್ಯಾಮೆರಾಗೆ ವಯಸ್ಸಾಗಬಹುದು, ಬಲ್ಬಿಗೆ ವಯಸ್ಸಾಗಬಹುದು. ಕಂಪ್ಯೂಟರಿನಲ್ಲಿ ಕೂತ ಫೋಟೋಗೆ ವಯಸ್ಸಾಗುವುದಿಲ್ಲ. ಮೆಟ್ಟಿಲಕ್ಕ ಪರದೆ ಆರಿಸಿ, ಕುರ್ಚಿಯ ತೋಳು ಹಿಡಿದುಕೊಂಡು ಕತ್ತಲಲ್ಲೇ ಕೂತಳು.

ಅವಳು ಇಷ್ಟು ಹೆದರಲು ಕಾರಣವಿತ್ತು. ಅವಳ ಅಪ್ಪ ಬಡಗಿ. ನಡುವಯಸ್ಸಿನಲ್ಲಿ ಅವನ ಕಣ್ಣು ಅಂಚಿನಿಂದ ಒಳಕ್ಕೆ ಕತ್ತಲಾಗುತ್ತ ಬಂದಿತ್ತು. ಯಾರಿಗೂ ಹೇಳದೆ ಕೈ ತಡವಿಕೊಂಡೇ ಉಳಿ ಹಿಡಿದ, ತಡವಿಕೊಂಡೇ ಕುರ್ಚಿ ಮಾಡಿದ. ಕೊನೆಗೆ ಬಾಗಿಲ ಬಳಿ ಗೋಡೆಗೆ ಒರಗಿ ಕೂತು, ನಡು ಮಧ್ಯಾಹ್ನದಲ್ಲಿ, "ಇನ್ನೂ ದೀಪ ಹಾಕಿಲ್ವೇನ್ರೇ?" ಎಂದು ಮನೆಯವರನ್ನು ಗದರುತ್ತಿದ್ದ. ಅವಳ ಅಮ್ಮ ಸುಮ್ಮನೆ ಸ್ವಿಚ್ಚು ಒತ್ತಿ, "ಹಾಕಿದೆ ನೋಡಿ," ಎನ್ನುತ್ತಿದ್ದಳು. ಆ ಸ್ವಿಚ್ಚಿನ ಸದ್ದನ್ನು ಮೆಟ್ಟಿಲಕ್ಕ ಮರೆತಿರಲಿಲ್ಲ.

ಹೀಗೆ ಕಣ್ಣಾರೆ ಕಂಡವಳು ಮರುದಿನವೇ ಡಾಕ್ಟರ ಹತ್ತಿರ ಓಡಬೇಕಾಗಿತ್ತು, ಅಲ್ಲವೇ? ಓಡಲಿಲ್ಲ. ಹೋದರೆ ಅವರು ಹೆಸರಿಟ್ಟು ಹೇಳಿಬಿಡುತ್ತಾರೆ. ಹೇಳಿದ ಮೇಲೆ ಕಪ್ಪು ಕೋಣೆಯ ಬಾಗಿಲು ಮುಚ್ಚಿದ ಹಾಗೇ. ಅಪ್ಪನ ಕಾಲದ ಡಾಕ್ಟರು ಕೈಚೆಲ್ಲಿದ್ದು ಅವಳ ತಲೆಯಲ್ಲಿ ಹಾಗೇ ಕೂತಿತ್ತು. ಹೇಗೂ ಹೋಗುವ ಕಣ್ಣು, ಇರುವಷ್ಟು ದಿನ ಕೆಲಸ ಮಾಡಿಕೊಂಡಿರೋಣ ಎಂದುಕೊಂಡಳು. ಇಂಥ ಜಾಣರನ್ನು ಹಿಡಿದು ಒಂದು ಬಾರಿಸಬೇಕು ಅನ್ನಿಸುತ್ತದೆ. ಅಷ್ಟೇ ಅಳುವೂ ಬರುತ್ತದೆ.

ಆವತ್ತಿನಿಂದ ಅವಳು ಎಣಿಸುವುದನ್ನೇ ಬಿಟ್ಟಳು. ಯಾವ ಮಾಡೆಲ್ಲಿಗೆ ಎಷ್ಟು ಮೆಟ್ಟಿಲು ಎಂಬುದು ಅವಳಿಗೆ ಬಾಯಿಪಾಠ. ಕ್ಯಾಮೆರಾ ಸ್ಟ್ಯಾಂಡಿಗೆ ಹತ್ತುತ್ತಿತ್ತು, ಫೋಟೋ ತೆಗೆದಾಗುತ್ತಿತ್ತು, ಸ್ವಲ್ಪ ಹೊತ್ತು ಒಳಗೆ ಕೂತು ಹೊರಗೆ ಬಂದು ನೆನಪಿನಲ್ಲಿದ್ದ ಅಂಕಿ ಹೇಳುತ್ತಿದ್ದಳು. ಯಜಮಾನನ ಮುಖ ಅರಳಿತು. "ಈಗ ನೋಡಿ, ಅಕ್ಕ ಲೈನಿಗೆ ಬಂದ್ರು!" ಎಂದು ಎಲ್ಲರೆದುರು ನಗೆಯಾಡಿದ. ಅವಳೂ ನಕ್ಕಳು. ಒಳಗೆ ಬಂದು ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮನೆಯಲ್ಲಿ ಮುಚ್ಚಿಡುವುದು ಇನ್ನೂ ಕಷ್ಟ. ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ಕಾಫಿ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಮಗಳು ಒಂದು ದಿನ ನೋಡಿದಳು, ಎರಡು ದಿನ ನೋಡಿದಳು, ಆಮೇಲೆ ಹಟ ಹಿಡಿದಳು. "ನೀನು ಕಣ್ಣಾಸ್ಪತ್ರೆಗೆ ಬರ್ತೀಯೋ ಇಲ್ವೋ? ಇಲ್ಲಾಂದ್ರೆ ನಾನು ಬಸ್ಸನ್ನೇ ಮನೆ ಮುಂದೆ ತಂದು ಹಾರ್ನ್ ಹೊಡೀತೀನಿ."

"ತಾಯೀ, ಬರ್ತೀನಿ ಮಾರಾಯ್ತಿ," ಎಂದು ಇವಳು ಒಪ್ಪಿದಳು. ಮಗಳು ತನ್ನ ಬಸ್ಸಿನಲ್ಲೇ ಕೂರಿಸಿಕೊಂಡು ಹೋಗಿ ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ, ಡ್ಯೂಟಿಯಲ್ಲಿದ್ದುದರಿಂದ ಹಾಗೇ ಮುಂದೆ ಹೋದಳು. ಒಳಗೆ ಹೋದದ್ದು ಮೆಟ್ಟಿಲಕ್ಕ ಒಬ್ಬಳೇ.

ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ ನೋಡಿ, ಒಂದು ಪರೀಕ್ಷೆ ಬರೆದುಕೊಟ್ಟರು. ಪಕ್ಕದ ಕೋಣೆಯಲ್ಲಿ ದೊಡ್ಡದೊಂದು ಬಿಳಿ ಬಟ್ಟಲಿನಂಥ ಯಂತ್ರ. ಅದರೊಳಕ್ಕೆ ಮುಖ ಇಟ್ಟು, ಪಟ್ಟಿಯ ಮೇಲೆ ಗದ್ದ ಊರಿ ಕೂರಬೇಕು. ಒಂದು ಕಣ್ಣಿಗೆ ಮುಚ್ಚಳ. ಪರೀಕ್ಷೆ ಮಾಡುವ ಹೆಂಗಸು ಕೈಗೆ ಒಂದು ಗುಂಡಿ ಕೊಟ್ಟು, "ನಡುವಿನ ಚುಕ್ಕೇನೇ ನೋಡ್ತಿರಿ. ಅಕ್ಕಪಕ್ಕ ಎಲ್ಲಾದ್ರೂ ಬೆಳಕು ಮಿಣುಕಿದ್ರೆ ಒತ್ತಿ. ಕೆಲವು ಜೋರಾಗಿರತ್ತೆ, ಕೆಲವು ತುಂಬಾ ಮಂದ," ಎಂದಳು. ದೀಪ ಆರಿತು. ಒಂದು ಮಿಣುಕು ಬಂತು, ಒತ್ತಿದಳು. ಅದೇ ಜಾಗದಲ್ಲಿ ಮತ್ತೆ, ಸ್ವಲ್ಪ ಮಂದ. ಮತ್ತೆ, ಇನ್ನೂ ಮಂದ.

ಮೆಟ್ಟಿಲಕ್ಕನಿಗೆ ಥಟ್ಟನೆ ಹೊಳೆಯಿತು. ಇದು ಅವಳದೇ ಕೆಲಸ! ಬೆಳಕನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ, ಯಾವ ಮೆಟ್ಟಿಲಿಗೆ ಕಣ್ಣು ಕೈಚೆಲ್ಲುತ್ತದೆಂದು ಹುಡುಕುತ್ತಿದ್ದಾರೆ. ಇಷ್ಟು ವರ್ಷ ಕ್ಯಾಮೆರಾಗಳನ್ನು ಕೂರಿಸುತ್ತಿದ್ದ ಸ್ಟ್ಯಾಂಡಿನ ಮೇಲೆ ಈಗ ಅವಳ ತಲೆಯನ್ನೇ ಕೂರಿಸಿದ್ದಾರೆ. ಫೇಲಾದ ಕ್ಯಾಮೆರಾಗಳನ್ನು ತಾನು ಏನು ಮಾಡುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆದರಿಕೆಯಲ್ಲಿ ಅವಳು ಅಂಗಡಿಯಲ್ಲಿ ಮಾಡುತ್ತಿದ್ದುದನ್ನೇ ಇಲ್ಲೂ ಮಾಡಿದಳು. ಮಿಣುಕುಗಳು ಬರುವ ಲಯ ಹಿಡಿದು, ಕಂಡರೂ ಕಾಣದಿದ್ದರೂ ಒತ್ತುತ್ತ ಹೋದಳು.

ಹಾಳೆ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಬೆಳಕೇ ಬರದೇ ಇದ್ದಾಗಲೂ ಒತ್ತಿದ್ದೀರಲ್ಲ?"

ಮೆಟ್ಟಿಲಕ್ಕ ಕನ್ನಡಕ ತೆಗೆದು ಒರೆಸತೊಡಗಿದಳು.

"ನಡುನಡುವೆ ಯಂತ್ರ ಬೇಕಂತಲೇ ಸುಮ್ಮನಿರತ್ತೆ ಅಮ್ಮ, ಒತ್ತೋದು ನಿಜವಾಗಿ ನೋಡಿನಾ ಅಂತ ತಿಳ್ಕೊಳ್ಳೋಕೆ. ನೀವು ಆಗಲೂ ಒತ್ತಿದ್ದೀರಿ. ಇದನ್ನ ನಂಬೋಕೆ ಬರಲ್ಲ. ಕಣ್ಣಿನ ನರ ನೋಡಿದ್ರೆ ನಂಗೆ ಅನುಮಾನ ಇದೆ. ಮುಂದಿನ ವಾರ ಬನ್ನಿ, ಇನ್ನೊಂದ್ಸಲ ಮಾಡೋಣ. ಖಂಡಿತಾ ಬನ್ನಿ."

ಲೆನ್ಸಿಗೆ ಮುಚ್ಚಳ ಹಾಕಿ ತೆಗೆದ ಫೋಟೋದಲ್ಲಿ ಸಿಕ್ಕಿಬಿದ್ದ ಕ್ಯಾಮೆರಾದ ಹಾಗಾಗಿತ್ತು ಅವಳ ಸ್ಥಿತಿ. ಹೂಂಗುಟ್ಟಿ ಎದ್ದು ಬಂದವಳು ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. "ಏನಂದ್ರು?" ಎಂದು ಮಗಳು ಕೇಳಿದಾಗ, "ವಯಸ್ಸಿಗೆ ತಕ್ಕ ಹಾಗಿದೆಯಂತೆ ಕಣೇ, ಹೆದರೋದೇನಿಲ್ವಂತೆ," ಎಂದು ಬಿಟ್ಟಳು. ಮಗಳಿಗೆ ನಿರಾಳವಾಯಿತು.

ಒಂದೂವರೆ ವರ್ಷ ಹಾಗೇ ಕಳೆಯಿತು. ಆ ನಡುವೆ ಒಂದು ಸಂಜೆ ಮಗಳು ಸಪ್ಪೆ ಮುಖ ಹಾಕಿಕೊಂಡು ಬಂದಳು. ಬಸ್ಸಿನ ಎಡಮೈ ಕಂಬಕ್ಕೆ ಉಜ್ಜಿ ಡಿಪೋದಲ್ಲಿ ಬೈಸಿಕೊಂಡಿದ್ದಳು. "ಆ ಕಂಬ ಎಲ್ಲಿಂದ ಬಂತೋ ಏನೋ, ನಂಗೆ ಕಾಣ್ಲೇ ಇಲ್ಲಮ್ಮ," ಎಂದಳು. ತನ್ನ ಗುಟ್ಟು ಕಾಯುವುದರಲ್ಲೇ ಮುಳುಗಿದ್ದ ಮೆಟ್ಟಿಲಕ್ಕ, "ರಸ್ತೆ ಅಂದ್ಮೇಲೆ ಇವೆಲ್ಲ ಇದ್ದಿದ್ದೇ," ಎಂದು ಊಟಕ್ಕೆ ಬಡಿಸಿದಳು.

ಗುಟ್ಟು ಒಡೆದದ್ದು ಒಬ್ಬ ಗಿರಾಕಿಯಿಂದ. ನೆಲದಡಿಯ ಕೊಳವೆಗಳೊಳಗೆ ಇಳಿದು ಎಲ್ಲಿ ಬಿರುಕು ಬಿಟ್ಟಿದೆಯೆಂದು ಫೋಟೋ ತೆಗೆಯುವುದು ಅವನ ಕೆಲಸ. ಕತ್ತಲಲ್ಲಿ ಚೆನ್ನಾಗಿ ನೋಡುವ ಕ್ಯಾಮೆರಾ ಬೇಕೆಂದು ಕೇಳಿ, ಅಕ್ಕ ನೋಡಿ ಹನ್ನೆರಡು ಮೆಟ್ಟಿಲು ಎಂದ ಮೇಲೆ ಒಂದನ್ನು ಕೊಂಡುಹೋಗಿದ್ದ. ಅದು ಹಿಂದೊಮ್ಮೆ ನೀರಿಗೆ ಬಿದ್ದ ಕ್ಯಾಮೆರಾ. ಹೊರಗೆ ಫಳಫಳ, ಒಳಗೆ ಕೆಟ್ಟಿತ್ತು. ವಾರದ ನಂತರ ಬಂದವನು ಪ್ರಿಂಟುಗಳನ್ನು ಕೌಂಟರಿನ ಮೇಲೆ ಹರವಿ, "ಇದೇನ್ರೀ ಇದು? ಕಪ್ಪಿರೋ ಕಡೆಯೆಲ್ಲ ಪಟ್ಟೆಪಟ್ಟೆ. ಬಿರುಕು ಯಾವ್ದು ಪಟ್ಟೆ ಯಾವ್ದು ಅಂತ ಹೇಗೆ ಹೇಳ್ಲಿ?" ಎಂದು ಕೂಗಾಡಿದ.

ಯಜಮಾನ ಪ್ರಿಂಟು ನೋಡಿ ಬೆಪ್ಪಾದ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳೂ ಬಗ್ಗಿ ನೋಡಿ ತಲೆಯಾಡಿಸಿದರು. ಮೆಟ್ಟಿಲಕ್ಕನನ್ನು ಕರೆದರು. ಅವಳು ಪ್ರಿಂಟನ್ನು ಕೈಗೆತ್ತಿಕೊಂಡು, ಹತ್ತಿರ ಹಿಡಿದು, ದೂರ ಹಿಡಿದು, "ಎಲ್ಲಿ ಪಟ್ಟೆ?" ಎಂದಳು.

"ಅಕ್ಕಾ, ಇಲ್ಲೇ, ನಿಮ್ಮ ಹೆಬ್ಬೆರಳ ಕೆಳಗೆ," ಎಂದ ಯಜಮಾನ.

"ಇಲ್ಲಿ ಬೆಳಕು ಸಾಲದು. ಆ ದೀಪ ಹಾಕಿ."

ಯಾರೂ ಅಲುಗಾಡಲಿಲ್ಲ. ನಡು ಮಧ್ಯಾಹ್ನ. ಗಾಜಿನ ಬಾಗಿಲಿನಿಂದ ಬಿಸಿಲು ಕೌಂಟರಿನ ಮೇಲೇ ಬಿದ್ದಿತ್ತು. ಅಂಗಡಿಯ ದೀಪಗಳೆಲ್ಲ ಉರಿಯುತ್ತಿದ್ದವು. ತಾನು ಏನು ಹೇಳಿದೆ, ಯಾರ ಬಾಯಿಯ ಮಾತು ಹೇಳಿದೆ ಎಂಬುದು ತನಗೇ ಕೇಳಿಸಿ ಅವಳ ಕೈಯಿಂದ ಪ್ರಿಂಟು ಜಾರಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಯಜಮಾನ ಆವತ್ತು ಒಂದು ಮಾತೂ ಬೈಯಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೆಲ್ಲಗೆ, "ಎಷ್ಟು ದಿನದಿಂದ ಅಕ್ಕಾ?" ಎಂದು ಕೇಳಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವನೇ ಮಗಳಿಗೆ ಫೋನ್ ಮಾಡಿದ. ಮರುದಿನ ಮಗಳು ರಜೆ ಹಾಕಿ, ಕೈ ಹಿಡಿದು ಅದೇ ಆಸ್ಪತ್ರೆಗೆ ಕರೆದೊಯ್ದಳು. ಅದೇ ಬಿಳಿ ಬಟ್ಟಲು, ಅದೇ ಗುಂಡಿ. ಈ ಸಲ ಮೆಟ್ಟಿಲಕ್ಕ ಕಂಡದ್ದಕ್ಕೆ ಮಾತ್ರ ಒತ್ತಿದಳು. ಕಂಡದ್ದು ಎಷ್ಟು ಕಡಿಮೆಯೆಂದರೆ, ಯಂತ್ರ ಕೆಟ್ಟು ನಿಂತಿದೆಯೇನೋ ಎಂದು ಅವಳು ಎರಡು ಸಲ ಕೇಳಿದಳು. "ನಡೀತಾ ಇದೆ ಅಮ್ಮ," ಎಂದಳು ಆ ಹೆಂಗಸು. ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು, ಒತ್ತಲು ಏನೂ ಇಲ್ಲದೆ, ಕತ್ತಲಲ್ಲಿ ಅವಳು ಕೂತೇ ಇದ್ದಳು.

ಡಾಕ್ಟರಮ್ಮ ಹಾಳೆಯನ್ನು ಮಗಳ ಕಡೆ ತಿರುಗಿಸಿದರು. ಕಣ್ಣಿನ ಚಿತ್ರದಲ್ಲಿ ನಡುವೆ ನಾಣ್ಯದಷ್ಟು ಬಿಳಿ, ಸುತ್ತ ಎಲ್ಲ ಕಪ್ಪು. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಹನಿ ಕೊಡ್ತೀನಿ, ಆಪರೇಷನ್ನೂ ಬೇಕಾಗಬಹುದು. ಆವತ್ತು ಮತ್ತೆ ಬನ್ನಿ ಅಂದಿದ್ದೆ. ಆವಾಗಲೇ ಬಂದಿದ್ರೆ ಇದರಲ್ಲಿ ಮುಕ್ಕಾಲು ಪಾಲು ಉಳೀತಿತ್ತು."

"ಆವತ್ತು ಮತ್ತೆ ಬನ್ನಿ ಅಂದಿದ್ರಾ?" ಎಂದು ಮಗಳು ಅಮ್ಮನ ಕಡೆ ತಿರುಗಿದಳು. "ಎಲ್ಲ ಸರಿ ಇದೆ ಅಂದ್ಯಲ್ಲಮ್ಮ! ನನ್ನ ಮುಖ ನೋಡ್ಕೊಂಡು ಹೇಳಿದ್ಯಲ್ಲ!"

ಮೆಟ್ಟಿಲಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಅಪ್ಪನ ಕಾಲದಲ್ಲಿ ಔಷಧ ಇರಲಿಲ್ಲ. ತನ್ನ ಕಾಲದಲ್ಲಿ ಇತ್ತು. ಅಪ್ಪನ ಕಣ್ಣನ್ನು ಕಾಯಿಲೆ ತಿಂದಿತು, ತನ್ನದನ್ನು ತಾನೇ ತಿಂದುಕೊಂಡೆ ಎನ್ನಿಸಿ ಅವಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ನಿಮ್ಮ ತಂದೆಗೂ ಇತ್ತು ಅಂದ್ರಿ," ಎಂದು ಮೆಟ್ಟಿಲಕ್ಕನಿಗೆ ಹೇಳಿ ಡಾಕ್ಟರಮ್ಮ ಮಗಳ ಕಡೆ ತಿರುಗಿದರು. "ಹಾಗಿದ್ರೆ ನಿಮ್ಮದನ್ನೂ ಈಗಲೇ ನೋಡಿಬಿಡೋಣ. ಈ ವಯಸ್ಸಿಗೆ ಸಿಕ್ಕಿದ್ರೆ ಪೂರ್ತಿ ಉಳಿಸಬಹುದು. ಏನು ಕೆಲಸ ಮಾಡ್ತೀರಿ?"

"ಬಸ್ ಓಡಿಸ್ತೀನಿ," ಎಂದ ಮಗಳು ಕೂಡಲೇ ಎದ್ದು ನಿಂತಳು. "ನಂಗೇನೂ ಆಗಿಲ್ಲ ಮೇಡಂ. ಇನ್ನೊಂದಿನ ಬರ್ತೀನಿ."

ಆ ದನಿ ಮೆಟ್ಟಿಲಕ್ಕನಿಗೆ ಚೆನ್ನಾಗಿ ಗೊತ್ತಿದ್ದ ದನಿ. ಎಡಗಡೆಯ ಕಂಬ ಆಗ ನೆನಪಾಯಿತು. ಮಗಳ ಮುಂಗೈ ಹಿಡಿದು, "ಇವತ್ತೇ ಮಾಡಿಸು. ನನ್ನಾಣೆ," ಎಂದಳು. ಮಗಳು ಕೈ ಕೊಸರಿಕೊಂಡಳು, ಆದರೆ ಒಳಗೆ ಹೋದಳು.

ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಮೆಟ್ಟಿಲಕ್ಕ ಕೂತಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗಿನ ದೀಪ ಆರಿತು. ಟಕ್ ಎಂದು ಗುಂಡಿಯ ಸದ್ದು ಕೇಳಿತು. ಟಕ್, ಮತ್ತೊಮ್ಮೆ ಟಕ್. ಮೆಟ್ಟಿಲಕ್ಕನಿಗೆ ಹೋದ ಉಸಿರು ಬಂದಂತಾಯಿತು. ಕಾಣುತ್ತಿದೆ, ನನ್ನ ಮಗುವಿಗೆ ಎಲ್ಲ ಕಾಣುತ್ತಿದೆ ಎಂದು ಕಣ್ಣು ಮುಚ್ಚಿ ಕೇಳುತ್ತ ಕೂತಳು. ಟಕ್, ಟಕ್, ಟಕ್.

ಆಮೇಲೆ ಕಣ್ಣು ತೆರೆದಳು. ಸದ್ದು ತೀರಾ ಸಮವಾಗಿ ಬರುತ್ತಿತ್ತು. ಎಲ್ಲೂ ತಡವರಿಕೆಯಿಲ್ಲ, ಎಲ್ಲೂ ಬಿಡುವಿಲ್ಲ. ನಿಜವಾಗಿ ನೋಡಿ ಒತ್ತುವವರ ಗುಂಡಿ ಹಾಗೆ ಬಡಿದುಕೊಳ್ಳುವುದಿಲ್ಲ. ಅವರಿಗೆ ಅನುಮಾನ ಬರುತ್ತದೆ, ಒಂದು ತಪ್ಪುತ್ತದೆ, ಯಂತ್ರ ಸುಮ್ಮನಿದ್ದಾಗ ಅವರೂ ಸುಮ್ಮನಿರುತ್ತಾರೆ. ಇದು ಹೆದರಿದವರು ಒತ್ತುವ ರೀತಿ. ಲೋಕದಲ್ಲಿ ಬೇರೆ ಯಾರಿಗೆ ತಿಳಿಯದಿದ್ದರೂ ಅವಳಿಗೆ ತಿಳಿಯುತ್ತಿತ್ತು.

ದಡಕ್ಕನೆ ಎದ್ದಳು. ಕಾಣದ ಕುರ್ಚಿಯೊಂದು ಮೊಣಕಾಲಿಗೆ ಬಡಿಯಿತು. ಗೋಡೆ ತಡವಿಕೊಂಡು ಬಾಗಿಲು ಸಿಕ್ಕಿದ ಕೂಡಲೇ ಅದಕ್ಕೆ ಬಾಯಿಟ್ಟು ಕೂಗಿದಳು. "ಮಗಳೇ! ಕಾಣದೇ ಇದ್ರೆ ಒತ್ತಬೇಡ ಕಣೇ!"

"ಅಮ್ಮ, ನೀವು ಹೊರಗಿರಿ. ಪರೀಕ್ಷೆ ನಡೀತಿದೆ," ಎಂದಳು ಒಳಗಿನ ಹೆಂಗಸು.

"ಬಸ್ ಹೋದ್ರೆ ಹೋಗ್ಲಿ. ನಾನಿದೀನಿ, ಏನಾದ್ರೂ ಮಾಡೋಣ. ಕಂಡಿದ್ದಕ್ಕೆ ಮಾತ್ರ ಒತ್ತೇ, ನಿನ್ನ ದಮ್ಮಯ್ಯ!"

ಗುಂಡಿಯ ಸದ್ದು ನಿಂತಿತು. ಒಳಗೆ ಯಂತ್ರ ಗುಂಯ್‌ಗುಡುತ್ತ ತನ್ನ ಪಾಡಿಗೆ ಬೆಳಕು ತೋರಿಸುತ್ತಲೇ ಇತ್ತು. ಮುಂದಿನ ಟಕ್‌ಗಾಗಿ ಮೆಟ್ಟಿಲಕ್ಕ ಬಾಗಿಲಿಗೆ ಕಿವಿ ಒತ್ತಿ ನಿಂತಳು. ಬಹಳ ಹೊತ್ತು ನಿಂತಳು. ಒಳಗಿನಿಂದ ಕೇಳಿಸಿದ್ದು ಮಗಳು ಅಳುವ ಸದ್ದು ಮಾತ್ರ.